ದುಡ್ಡಿನ ಲೆಕ್ಕ ಇಡುವ ನಾವು ದೇಹದ ಲೆಕ್ಕವನ್ನೂ ಇಡೋಣ

(ಸಂಘದ ವಾರ್ಷಿಕೋತ್ಸವದ ದಿನ ಬೆಳಗಿನ ಆರೋಗ್ಯ ಕಾರ್ಯಕ್ರಮದಲ್ಲಿ ಆಡಿದ ಮಾತುಗಳ ಬರಹ ರೂಪ)



ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರ್ ಅಲ್ಲ, ಜಿಮ್ ಟ್ರೈನರ್ ಕೂಡ ಅಲ್ಲ. ಜಬಲ್ ಅಲಿಯ ಒಂದು ಗೋದಾಮಿನಲ್ಲಿ ಸ್ಟೋರ್ ಕೀಪರ್. ಊರು ಕುಂದಾಪುರದ ಹತ್ತಿರ. ದುಬೈಗೆ ಬಂದು ಹದಿನಾಲ್ಕು ವರ್ಷ, ಜಿಮ್‌ಗೆ ಹೋಗೋಕೆ ಶುರು ಮಾಡಿ ಆರು ವರ್ಷ. ನನ್ನ ಕೆಲಸವೇ ರಿಜಿಸ್ಟರ್ ಬರೆಯೋದು. ಎಷ್ಟು ಮಾಲು ಬಂತು, ಎಷ್ಟು ಹೋಯ್ತು, ಎಷ್ಟು ಉಳೀತು. ಅದೇ ಅಭ್ಯಾಸವನ್ನು ಜಿಮ್‌ಗೂ ತಗೊಂಡು ಹೋದೆ, ಅಷ್ಟೇ. ಆರು ವರ್ಷದಲ್ಲಿ ನಾಲ್ಕು ಪುಸ್ತಕ ತುಂಬಿದೆ. ಅವು ಇಲ್ಲೇ ಮೇಜಿನ ಮೇಲಿವೆ, ಆಮೇಲೆ ಯಾರು ಬೇಕಾದರೂ ನೋಡಬಹುದು.

ಸಂಘದವರು ಕೊಟ್ಟ ವಿಷಯ ‘ಜಿಮ್ ಮತ್ತು ಆರೋಗ್ಯ’. ಅದು ದೊಡ್ಡ ವಿಷಯ. ಅದರಲ್ಲಿ ಒಂದು ಪ್ರಶ್ನೆ ಮಾತ್ರ ತಗೊಂಡು ಮಾತಾಡ್ತೀನಿ: ನಾವು ಜಿಮ್‌ನಲ್ಲಿ ಮುಂದೆ ಹೋಗ್ತಾ ಇದ್ದೀವೋ, ನಿಂತಲ್ಲೇ ಇದ್ದೀವೋ, ಹಿಂದೆ ಬರ್ತಾ ಇದ್ದೀವೋ ಅಂತ ತಿಳಿಯೋದು ಹೇಗೆ?

ಯಾವುದರ ಲೆಕ್ಕ ಇದೆ, ಯಾವುದರದು ಇಲ್ಲ

ಇಲ್ಲಿರುವ ಯಾರನ್ನೇ ಕೇಳಿ, ಇವತ್ತು ಒಂದು ದಿರ್ಹಮ್‌ಗೆ ಎಷ್ಟು ರೂಪಾಯಿ ಅಂತ ಬಾಯಲ್ಲೇ ಹೇಳ್ತಾರೆ. ಊರಿಗೆ ಎಷ್ಟು ಕಳಿಸಿದೆ, ಸೊಸೈಟಿ ಸಾಲ ಎಷ್ಟು ಬಾಕಿ, ವೀಸಾ ಯಾವಾಗ ಮುಗಿಯುತ್ತೆ, ಇವತ್ತು ಕೆಲಸ ಬಿಟ್ಟರೆ ಗ್ರಾಚ್ಯುಟಿ ಎಷ್ಟು ಬರುತ್ತೆ, ಎಲ್ಲಾ ಲೆಕ್ಕ ತಲೆಯಲ್ಲೇ ಇದೆ. ಆದರೆ ಈ ದುಡ್ಡನ್ನೆಲ್ಲ ದುಡಿಯುವ ದೇಹದ ಲೆಕ್ಕ ಕೇಳಿ ನೋಡಿ. ‘ಬಿಪಿ ಎಷ್ಟು?’ ‘ಗೊತ್ತಿಲ್ಲ.’ ‘ಸೊಂಟದ ಸುತ್ತಳತೆ ಎಷ್ಟು?’ ‘ಪ್ಯಾಂಟ್ ಸೈಜ್ ಹೇಳ್ಲಾ?’ ‘ಹೋದ ವರ್ಷಕ್ಕಿಂತ ಈಗ ಶಕ್ತಿ ಜಾಸ್ತಿಯೋ ಕಡಿಮೆಯೋ?’ ‘ಹಾಗೇ ಇದೆ ಅನ್ಸುತ್ತೆ.’

ಈ ‘ಅನ್ಸುತ್ತೆ’ ಅನ್ನೋದನ್ನ ನಾವು ದುಡ್ಡಿನ ವಿಷಯದಲ್ಲಿ ಒಪ್ಪೋದಿಲ್ಲ. ದೇಹದ ವಿಷಯದಲ್ಲಿ ಮಾತ್ರ ಯಾಕೆ ಒಪ್ಪಬೇಕು?

ಕೆಲವರು ಹೇಳ್ತಾರೆ, ‘ವೀಸಾ ರಿನ್ಯೂವಲ್‌ಗೆ ಮೆಡಿಕಲ್ ಆಗಿದೆ, ಫಿಟ್ ಅಂತ ಬಂದಿದೆ.’ ಆ ಮೆಡಿಕಲ್‌ನಲ್ಲಿ ರಕ್ತ ತೆಗೀತಾರೆ, ಎದೆಯ ಎಕ್ಸ್‌ರೇ ಮಾಡ್ತಾರೆ. ಅದು ಮುಖ್ಯವಾಗಿ ಕ್ಷಯದಂಥ ಅಂಟುರೋಗ ಇದೆಯಾ ಅಂತ ನೋಡುವ ಪರೀಕ್ಷೆ. ನಿಮ್ಮ ಹೃದಯ ಎಷ್ಟು ಗಟ್ಟಿ, ಮೊಣಕಾಲು ಹೇಗಿದೆ, ಶುಗರ್ ಶುರುವಾಗಿದೆಯಾ ಅಂತ ಹೇಳುವ ಪರೀಕ್ಷೆ ಅದಲ್ಲ. ಸರ್ಕಾರಕ್ಕೆ ಬೇಕಾದ ಫಿಟ್ ಬೇರೆ, ನಮಗೆ ಬೇಕಾದ ಫಿಟ್ ಬೇರೆ.

ಇನ್ನೊಂದು ಮಾತು ಕ್ಯಾಂಪ್‌ಗಳಲ್ಲಿ ತುಂಬಾ ಕೇಳ್ತೀವಿ. ‘ದಿನಾ ಹತ್ತು ಗಂಟೆ ಭಾರ ಎತ್ತುತ್ತೇವೆ, ಮತ್ತೆ ಜಿಮ್ ಯಾಕೆ?’ ಇದು ನ್ಯಾಯವಾದ ಪ್ರಶ್ನೆ. ಡ್ಯೂಟಿಯಲ್ಲಿ ಎಷ್ಟು ಭಾರ, ಎಷ್ಟು ಸಲ, ಯಾವಾಗ ವಿಶ್ರಾಂತಿ ಅಂತ ತೀರ್ಮಾನ ಮಾಡೋನು ಫೋರ್‌ಮನ್. ಒಂದೇ ಭುಜ, ಒಂದೇ ಸೊಂಟ, ದಿನವಿಡೀ ಒಂದೇ ತರಹ ಸವೆಯುತ್ತೆ. ಜಿಮ್‌ನಲ್ಲಿ ಭಾರ ನಿಮ್ಮದು, ಎಣಿಕೆ ನಿಮ್ಮದು, ನಿಲ್ಲಿಸೋದೂ ನಿಮ್ಮ ಕೈಯಲ್ಲೇ. ನಲವತ್ತೈದು ನಿಮಿಷ ಕಷ್ಟ ಕೊಟ್ಟು ಎರಡು ದಿನ ಸುಧಾರಿಸಿಕೊಳ್ಳೋಕೆ ಬಿಡ್ತೀವಿ. ದೇಹ ಬೆಳೆಯೋದು ಆ ಸುಧಾರಿಸಿಕೊಳ್ಳುವ ಹೊತ್ತಲ್ಲಿ. ಹಾಗಾಗಿ ದುಡಿಮೆ ವ್ಯಾಯಾಮದ ಬದಲಿ ಅಲ್ಲ. ದುಡಿಮೆಯನ್ನು ತಡೆದುಕೊಳ್ಳೋಕೇ ವ್ಯಾಯಾಮ ಬೇಕು.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆ ಹೀಗಿದೆ: ದೊಡ್ಡವರು ವಾರಕ್ಕೆ 150ರಿಂದ 300 ನಿಮಿಷ ಬಿರುಸು ನಡಿಗೆಯಂಥ ಮಧ್ಯಮ ಶ್ರಮ, ಇಲ್ಲವೇ 75ರಿಂದ 150 ನಿಮಿಷ ಓಟದಂಥ ಜೋರು ಶ್ರಮ ಮಾಡಬೇಕು. ಜೊತೆಗೆ ವಾರದಲ್ಲಿ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ. ನೋಡಿ, ಎರಡೂ ಬೇಕು ಅಂತ ಹೇಳಿದ್ದಾರೆ. ಡಂಬೆಲ್ ಎತ್ತೋರು ಟ್ರೆಡ್‌ಮಿಲ್ ಹತ್ತಿರ ಸುಳಿಯೋದಿಲ್ಲ, ನಡೆಯೋರು ಡಂಬೆಲ್ ಮುಟ್ಟೋದಿಲ್ಲ. ಪುಸ್ತಕ ಇಟ್ಟರೆ ಯಾವುದು ಬಿಟ್ಟುಹೋಗಿದೆ ಅಂತ ವಾರದ ಕೊನೆಗೆ ತಾನಾಗಿಯೇ ಕಾಣುತ್ತೆ.

ಭಾರದ ಲೆಕ್ಕ

ಎರಡು ದಿರ್ಹಮ್‌ನ ಪುಸ್ತಕ, ಒಂದು ಪೆನ್ನು ಸಾಕು. ಮೊಬೈಲ್‌ನಲ್ಲೂ ಬರೀಬಹುದು, ಆದರೆ ಮೊಬೈಲ್ ತೆಗೆದರೆ ರೀಲ್ಸ್ ನೋಡ್ತಾ ಹತ್ತು ನಿಮಿಷ ಹೋಗುತ್ತೆ. ಅದಕ್ಕೇ ನಾನು ಪುಸ್ತಕ ಅಂತೀನಿ.

ಒಂದು ವ್ಯಾಯಾಮಕ್ಕೆ ಒಂದು ಸಾಲು. ದಿನಾಂಕ, ವ್ಯಾಯಾಮದ ಹೆಸರು, ಎಷ್ಟು ಕೆಜಿ, ಪ್ರತಿ ಸೆಟ್‌ನಲ್ಲಿ ಎಷ್ಟು ಸಲ. ಕೊನೆಯಲ್ಲಿ ‘ಇನ್ನೂ ಎಷ್ಟು ಆಗ್ತಿತ್ತು’ ಅನ್ನೋದು. ನನ್ನ ಪುಸ್ತಕದ ಒಂದು ಸಾಲು ಓದ್ತೀನಿ: ‘ಸ್ಕ್ವಾಟ್, 40 ಕೆಜಿ, 10, 10, 8, ಇನ್ನೂ 2.’ ಅಂದರೆ ಮೂರು ಸೆಟ್ ಮಾಡಿದೆ, ಕೊನೆಯದರಲ್ಲಿ ಎಂಟಕ್ಕೆ ನಿಲ್ಲಿಸಿದೆ, ಜೋರು ಮಾಡಿದ್ದರೆ ಇನ್ನೂ ಎರಡು ಆಗ್ತಿತ್ತು. ಈ ಕೊನೆಯ ಅಂಕಿ ತುಂಬಾ ಮುಖ್ಯ. ಹೋದ ತಿಂಗಳು ಇದೇ 40 ಕೆಜಿಯ ಕೊನೆಗೆ ‘ಇನ್ನೂ 0’ ಇದ್ದು ಈ ತಿಂಗಳು ‘ಇನ್ನೂ 3’ ಆಗಿದ್ದರೆ, ಭಾರ ಒಂದು ಕೆಜಿ ಹೆಚ್ಚದಿದ್ದರೂ ನೀವು ಮುಂದೆ ಹೋಗಿದ್ದೀರಿ.

ಭಾರ ಯಾವಾಗ ಹೆಚ್ಚಿಸಬೇಕು? ಸುಲಭದ ನಿಯಮ ಒಂದಿದೆ. 8ರಿಂದ 12 ಅಂತ ಒಂದು ಗೆರೆ ಹಾಕಿಕೊಳ್ಳಿ. ಮೂರು ಸೆಟ್‌ನಲ್ಲೂ 12 ಮುಟ್ಟುವವರೆಗೆ ಅದೇ ಭಾರ. ಮುಟ್ಟಿದ ಮೇಲೆ ಎರಡು ಕಡೆ 1.25 ಕೆಜಿಯ ಸಣ್ಣ ಪ್ಲೇಟ್ ಹಾಕಿ, ಒಟ್ಟು 2.5 ಕೆಜಿ. ಮತ್ತೆ 8ರಿಂದ ಶುರು. ಪಕ್ಕದವನು ಎಷ್ಟು ಎತ್ತುತ್ತಾನೆ ಅನ್ನೋದು ಈ ನಿಯಮದಲ್ಲಿ ಎಲ್ಲೂ ಬರೋದಿಲ್ಲ.

ಇದೇನು ಹೊಸದಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಥಾಮಸ್ ಡಿಲೋರ್ಮ್ ಅನ್ನುವ ಅಮೆರಿಕ ಸೇನೆಯ ವೈದ್ಯರು ಗಾಯಗೊಂಡ ಸೈನಿಕರಿಗೆ ಹೀಗೆಯೇ ಲೆಕ್ಕ ಹಾಕಿ ಸ್ವಲ್ಪ ಸ್ವಲ್ಪವೇ ಭಾರ ಹೆಚ್ಚಿಸಿ ಬಲ ಬರುವಂತೆ ಮಾಡಿದರು, 1945ರಲ್ಲಿ ಅದನ್ನು ಬರೆದು ಪ್ರಕಟಿಸಿದರು. ನಮ್ಮ ಬಾಗಲಕೋಟೆ, ವಿಜಯಪುರದ ಕಡೆಯ ಅಣ್ಣಂದಿರಿಗೆ ಇದನ್ನು ಹೇಳಿಕೊಡೋದೇ ಬೇಡ. ಸಂಗ್ರಾಣಿ ಕಲ್ಲು ಎತ್ತುವ ಹುಡುಗ ಮೊದಲ ದಿನವೇ ಜಾತ್ರೆಯ ದೊಡ್ಡ ಕಲ್ಲಿಗೆ ಕೈ ಹಾಕೋದಿಲ್ಲ. ಸಣ್ಣ ಕಲ್ಲು ಎದೆ ಮಟ್ಟಕ್ಕೆ ಬಂದ ಮೇಲೆ ಮುಂದಿನದು. ಅಲ್ಲಿ ಕಲ್ಲೇ ಲೆಕ್ಕದ ಪುಸ್ತಕ.

ನಮ್ಮ ಕುಂದಾಪುರದ ಗುರುರಾಜ ಪೂಜಾರಿಯವರ ಹೆಸರು ನಿಮಗೆಲ್ಲ ಗೊತ್ತು. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕೆಜಿ ವಿಭಾಗದಲ್ಲಿ ಒಟ್ಟು 249 ಕೆಜಿ ಎತ್ತಿ ಬೆಳ್ಳಿ ಗೆದ್ದರು. 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ 61 ಕೆಜಿ ವಿಭಾಗದಲ್ಲಿ 269 ಕೆಜಿ ಎತ್ತಿ ಕಂಚು ಗೆದ್ದರು. ಆ ಎರಡು ಕೂಟಗಳ ನಡುವೆ ನಾಲ್ಕು ವರ್ಷ, ಹೆಚ್ಚಿದ್ದು 20 ಕೆಜಿ. ದಿನಾ ಅದೇ ಕೆಲಸ ಮಾಡುವ, ದೇಶಕ್ಕೆ ಪದಕ ತರುವ ಮನುಷ್ಯನ ಲೆಕ್ಕ ಅದು. ನಮ್ಮ ಜಿಮ್‌ನಲ್ಲಿ ಹುಡುಗರು ಒಂದೇ ತಿಂಗಳಲ್ಲಿ 20 ಕೆಜಿ ಹೆಚ್ಚಿಸ್ತೀನಿ ಅಂತ ಹೊರಡ್ತಾರೆ. ಹೊಸಬರಿಗೆ ಮೊದಲ ಕೆಲವು ತಿಂಗಳು ಬೇಗ ಬೇಗ ಹೆಚ್ಚುತ್ತೆ, ನಿಜ. ಆಮೇಲೆ ನಿಧಾನ ಆಗುತ್ತೆ. ಅದು ಸೋಲಲ್ಲ, ದೇಹದ ಸ್ವಭಾವವೇ ಹಾಗೆ.

ಈಗ ಒಂದು ಲೆಕ್ಕ ಹೇಳಿಕೊಡ್ತೀನಿ. ಒಬ್ಬ 45 ಕೆಜಿಯನ್ನು 10 ಸಲ ಎತ್ತುತ್ತಾನೆ. ಮುಂದಿನ ತಿಂಗಳು 50 ಕೆಜಿಯನ್ನು 6 ಸಲ ಎತ್ತುತ್ತಾನೆ. ಶಕ್ತಿ ಹೆಚ್ಚಾಯ್ತಾ? ಅಮೆರಿಕದ ನೆಬ್ರಾಸ್ಕ ವಿಶ್ವವಿದ್ಯಾಲಯದಲ್ಲಿ ಕೋಚ್ ಆಗಿದ್ದ ಬಾಯ್ಡ್ ಎಪ್ಲಿ ಅವರ ಸೂತ್ರ ಇದೆ. ಭಾರವನ್ನು ಎಣಿಕೆಯಿಂದ ಗುಣಿಸಿ, 30ರಿಂದ ಭಾಗಿಸಿ, ಬಂದದ್ದನ್ನು ಭಾರಕ್ಕೆ ಕೂಡಿಸಿ. ಒಂದೇ ಸಲಕ್ಕೆ ಹೆಚ್ಚೆಂದರೆ ಎಷ್ಟು ಎತ್ತಬಹುದು ಅನ್ನುವ ಅಂದಾಜು ಸಿಗುತ್ತೆ. 45 ಗುಣಿಸು 10, ಅಂದರೆ 450. ಭಾಗಿಸು 30, ಅಂದರೆ 15. ಕೂಡಿಸಿದರೆ 60. ಈಗ 50 ಗುಣಿಸು 6, ಅಂದರೆ 300. ಭಾಗಿಸಿದರೆ 10. ಕೂಡಿಸಿದರೆ ಅದೂ 60. ಭಾರ ಹೆಚ್ಚಿತು, ಶಕ್ತಿ ಅಲ್ಲೇ ಇದೆ. ಅದೇ 50 ಕೆಜಿಯನ್ನು 9 ಸಲ ಎತ್ತಿದ ದಿನ 65 ಆಗುತ್ತೆ. ಆಗ ನಿಜವಾಗಿ ಮುಂದೆ ಹೋದಿರಿ. ಇದು ಅಂದಾಜು ಮಾತ್ರ, ಎಣಿಕೆ ಹತ್ತು ದಾಟಿದರೆ ಅಷ್ಟು ಸರಿ ಬರೋದಿಲ್ಲ. ಆದರೆ ಒಂದು ಉಪಕಾರ ಇದೆ. ನನ್ನ ಗರಿಷ್ಠ ಎಷ್ಟು ಅಂತ ನೋಡೋಕೆ ಬೆನ್ನು ಮುರಿದುಕೊಳ್ಳೋದು ತಪ್ಪುತ್ತೆ.

ಸ್ಟೋರ್ ಕೀಪರ್ ಆಗಿ ಇನ್ನೊಂದು ಮಾತು. ಅಳತೆಯ ಮಾನ ಸರಿ ಇರಬೇಕು. ಇಲ್ಲಿ ಕೆಲವು ಜಿಮ್‌ಗಳಲ್ಲಿ ಕೆಜಿ ಪ್ಲೇಟ್, ಪೌಂಡ್ ಪ್ಲೇಟ್ ಎರಡೂ ಬೆರೆತು ಬಿದ್ದಿರುತ್ತವೆ. 25 ಅಂತ ಬರೆದ ಪೌಂಡ್ ಪ್ಲೇಟ್ ಅಂದರೆ 11 ಕೆಜಿ ಚಿಲ್ಲರೆ. ಎರಡು ಕಡೆ ಅದನ್ನು ಹಾಕಿ 25 ಕೆಜಿ ಅಂತ ಬರೆದರೆ, ಪುಸ್ತಕದಲ್ಲಿ 27 ಕೆಜಿ ಇಲ್ಲದ ಮಾಲು ಬರೆದ ಹಾಗೆ. ಉದ್ದದ ಒಲಿಂಪಿಕ್ ಬಾರ್ 20 ಕೆಜಿ ಇರುತ್ತೆ, ಅದನ್ನೂ ಸೇರಿಸಿ. ಮೆಷಿನ್‌ಗಳಲ್ಲಂತೂ ಒಂದರ 40 ಇನ್ನೊಂದರ 40ಕ್ಕೆ ಸಮ ಇರೋದಿಲ್ಲ, ರಾಟೆ ಬೇರೆ ಬೇರೆ. ಯಾವ ಜಿಮ್, ಯಾವ ಮೆಷಿನ್ ಅಂತಲೂ ಬರೆದಿಡಿ.

ಜಿಮ್‌ಗೆ ದುಡ್ಡಿಲ್ಲ, ಮನೆಗೆಲಸದ ಡ್ಯೂಟಿ ಬಿಟ್ಟು ಹೊರಗೆ ಹೋಗೋಕಾಗಲ್ಲ ಅಂತ ಅಕ್ಕ ಒಬ್ಬರು ಬೆಳಗ್ಗೆ ಹೇಳಿದರು. ಅಕ್ಕಾ, ಐದು ಲೀಟರ್ ನೀರಿನ ಕ್ಯಾನ್ ಅಂದರೆ ಐದು ಕೆಜಿ. ಅಕ್ಕಿ ಚೀಲದ ಮೇಲೆ ತೂಕ ಬರೆದೇ ಇರುತ್ತೆ. ಕುರ್ಚಿಯಿಂದ ಎದ್ದು ಕೂರೋದು, ಗೋಡೆಗೆ ಕೈ ಕೊಟ್ಟು ದಂಡ, ಕ್ಯಾನ್ ಹಿಡಿದು ಎಳೆಯೋದು, ಈ ಮೂರಕ್ಕೆ ಎಣಿಕೆ ಬರೆಯಿರಿ. ಹೋದ ವಾರ 8, ಈ ವಾರ 10. ಅದೂ ಲೆಕ್ಕವೇ.

ಉಸಿರಿನ ಲೆಕ್ಕ

ಕಾರ್ಡಿಯೋ ಅಂದರೆ ಎಷ್ಟು ಕ್ಯಾಲೊರಿ ಸುಟ್ಟಿತು ಅಂತ ಟ್ರೆಡ್‌ಮಿಲ್ ಪರದೆ ನೋಡ್ತೀವಿ. ಆ ಅಂಕಿ ಬರೀ ಅಂದಾಜು, ಅದನ್ನು ನಂಬಿ ಎರಡು ಪರೋಟ ಹೆಚ್ಚು ತಿನ್ನೋದು ಬೇಡ. ಅದರ ಬದಲು ಮೂರು ಅಂಕಿ ಬರೆಯಿರಿ.

ಒಂದು, ಬೆಳಗ್ಗೆ ಎದ್ದ ತಕ್ಷಣದ ನಾಡಿ. ಚಹಾ ಕುಡಿಯೋ ಮುಂಚೆ, ಹಾಸಿಗೆಯಲ್ಲೇ. ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು 30 ಸೆಕೆಂಡ್ ಎಣಿಸಿ, ಎರಡರಿಂದ ಗುಣಿಸಿ. ನನ್ನ ಮೊದಲ ಪುಸ್ತಕದಲ್ಲಿ ಅದು 82. ಈಗ 66 ಆಸುಪಾಸು. ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ನೂಕೋಕೆ ಕಲಿತರೆ ಬಡಿತ ಕಡಿಮೆ ಸಾಕಾಗುತ್ತೆ.

ಎರಡು, ಒಂದೇ ಕೆಲಸಕ್ಕೆ ನಾಡಿ ಎಷ್ಟು ಏರುತ್ತೆ ಅನ್ನೋದು. ಟ್ರೆಡ್‌ಮಿಲ್‌ನಲ್ಲಿ ಗಂಟೆಗೆ 6 ಕಿಲೋಮೀಟರ್, ಏರು 2, ಹತ್ತು ನಿಮಿಷ. ಇದನ್ನು ಬದಲಾಯಿಸಬೇಡಿ, ತಿಂಗಳಿಗೊಮ್ಮೆ ಇದೇ ಪರೀಕ್ಷೆ. ಆರು ವರ್ಷದ ಹಿಂದೆ ಹತ್ತನೇ ನಿಮಿಷಕ್ಕೆ ನನ್ನ ನಾಡಿ 148 ಇತ್ತು, ಈಗ 118. ಅದೇ ವೇಗ, ಅದೇ ಏರು.

ಮೂರು, ನಿಂತ ಮೇಲೆ ಒಂದು ನಿಮಿಷದಲ್ಲಿ ನಾಡಿ ಎಷ್ಟು ಇಳಿಯುತ್ತೆ ಅನ್ನೋದು. ಬೇಗ ಇಳಿದಷ್ಟೂ ಒಳ್ಳೆಯದು. ಜೋರು ಶ್ರಮದ ನಂತರವೂ ಒಂದು ನಿಮಿಷದಲ್ಲಿ 12 ಬಡಿತ ಕೂಡ ಇಳಿಯದಿದ್ದರೆ, ಅದೂ ಮತ್ತೆ ಮತ್ತೆ ಹಾಗೇ ಆದರೆ, ಆ ಪುಟ ತಗೊಂಡು ವೈದ್ಯರ ಹತ್ತಿರ ಹೋಗಿ.

ಗರಿಷ್ಠ ಎಷ್ಟು ಏರಬಹುದು? 220ರಲ್ಲಿ ವಯಸ್ಸು ಕಳೆಯಿರಿ ಅಂತಾರೆ. ನಲವತ್ತು ವರ್ಷದವರಿಗೆ 180. ಇದೂ ಅಂದಾಜೇ, ಮನುಷ್ಯನಿಂದ ಮನುಷ್ಯನಿಗೆ ಹತ್ತು ಹದಿನೈದು ಆಚೀಚೆ ಆಗುತ್ತೆ. ಬಿಪಿ ಮಾತ್ರೆ ತಗೊಳ್ಳೋರಿಗಂತೂ ಈ ಲೆಕ್ಕ ಹೊಂದದೇ ಇರಬಹುದು, ಕೆಲವು ಮಾತ್ರೆಗಳು ನಾಡಿಯನ್ನು ತಗ್ಗಿಸ್ತವೆ. ಎಲ್ಲರಿಗೂ ಹೊಂದುವ ಅಳತೆ ನಮ್ಮ ಮಾತೇ. ನಡೆಯುವಾಗ ಪಕ್ಕದವನ ಜೊತೆ ಮಾತಾಡೋಕಾಗ್ತಾ ಇದೆ, ಆದರೆ ಹಾಡೋಕಾಗಲ್ಲ ಅಂದರೆ ಅದು ಮಧ್ಯಮ ಶ್ರಮ. ಎರಡು ಮಾತಿಗೆ ಉಸಿರು ಕಟ್ಟುತ್ತೆ ಅಂದರೆ ಜೋರು ಶ್ರಮ.

ಎರಡು ತಿಂಗಳಿಗೊಮ್ಮೆ ಪರೀಕ್ಷೆ ಬೇಕು ಅನ್ನೋರಿಗೆ ಕೂಪರ್ ಟೆಸ್ಟ್ ಇದೆ. ಅಮೆರಿಕದ ವಾಯುಪಡೆಯ ವೈದ್ಯ ಕೆನೆತ್ ಕೂಪರ್ 1968ರಲ್ಲಿ ಹೇಳಿದ್ದು. 12 ನಿಮಿಷದಲ್ಲಿ ಎಷ್ಟು ದೂರ ಓಡ್ತೀರಿ, ಅಷ್ಟೇ. ಆರೋಗ್ಯವಾಗಿರೋರು, ಆಗಲೇ ಓಡೋ ಅಭ್ಯಾಸ ಇರೋರು ಮಾತ್ರ ಇದನ್ನು ಮಾಡಿ.

ತೂಕದ ಯಂತ್ರ ಮತ್ತು ಟೇಪು

ತೂಕ ಒಂದನ್ನೇ ನೋಡಿ ಬೇಸರ ಮಾಡಿಕೊಳ್ಳೋರು ಜಾಸ್ತಿ. ಬಿಸಿಲಲ್ಲಿ ಕೆಲಸ ಮಾಡಿ ಬಂದ ದಿನ ಬೆವರಿನಲ್ಲೇ ಒಂದೆರಡು ಕೆಜಿ ಹೋಗಿರುತ್ತೆ, ರಾತ್ರಿ ಉಪ್ಪಿನ ಊಟ ಮಾಡಿದರೆ ಬೆಳಗ್ಗೆ ಹೆಚ್ಚು ತೋರಿಸುತ್ತೆ. ಅದು ಕೊಬ್ಬೂ ಅಲ್ಲ, ಸ್ನಾಯುವೂ ಅಲ್ಲ, ನೀರು. ವಾರದಲ್ಲಿ ಮೂರು ಬೆಳಗ್ಗೆ, ಬರಿಹೊಟ್ಟೆಯಲ್ಲಿ ತೂಗಿ ಸರಾಸರಿ ಬರೆಯಿರಿ.

ಅದಕ್ಕಿಂತ ಮುಖ್ಯ ಟೇಪು. ನಮ್ಮ ದಕ್ಷಿಣ ಏಷ್ಯಾದ ಜನರಿಗೆ ಗಂಡಸರಾದರೆ ಸೊಂಟದ ಸುತ್ತಳತೆ 90 ಸೆಂಟಿಮೀಟರ್, ಹೆಂಗಸರಾದರೆ 80 ದಾಟಿದರೆ ಶುಗರ್, ಹೃದಯದ ಕಾಯಿಲೆಯ ಅಪಾಯ ಹೆಚ್ಚು ಅಂತ ವೈದ್ಯರು ಗೆರೆ ಹಾಕಿದ್ದಾರೆ. ಪಾಶ್ಚಾತ್ಯರಿಗೆ ಈ ಗೆರೆ ಇನ್ನೂ ಮೇಲಿದೆ. ನಾವು ನೋಡೋಕೆ ತೆಳ್ಳಗಿದ್ದರೂ ಕೊಬ್ಬು ಹೊಟ್ಟೆಯಲ್ಲೇ ಸೇರುವ ಜಾತಿ. ಆರು ವರ್ಷದಲ್ಲಿ ನನ್ನ ತೂಕ ಇಳಿದದ್ದು ಮೂರೇ ಕೆಜಿ. ಸೊಂಟ 98ರಿಂದ 88ಕ್ಕೆ ಬಂದಿದೆ. ತೂಕ ಮಾತ್ರ ಬರೆದಿದ್ದರೆ, ಆರು ವರ್ಷ ದಂಡ ಅಂತ ಯಾರಾದರೂ ಹೇಳೋರು.

ಬೇಸಿಗೆ, ರಂಜಾನ್, ಊರಿನ ರಜೆ

ಇದು ಗಲ್ಫ್. ಇಲ್ಲಿನ ಲೆಕ್ಕಕ್ಕೆ ಇಲ್ಲಿನ ಹವೆಯನ್ನೂ ಸೇರಿಸಬೇಕು. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಯಲಲ್ಲಿ ಬಿಸಿಲಿಗೆ ಕೆಲಸ ಮಾಡಿಸಬಾರದು ಅಂತ ಯುಎಇ ಸರ್ಕಾರವೇ ನಿಯಮ ಮಾಡಿದೆ. ಅಂಥ ಸೆಕೆಯಲ್ಲಿ ದೇಹವನ್ನು ತಂಪಾಗಿಡೋಕೆ ಹೃದಯ ಚರ್ಮದ ಕಡೆಗೂ ರಕ್ತ ಕಳಿಸಬೇಕು. ಹಾಗಾಗಿ ಅದೇ ನಡಿಗೆಗೆ ನಾಡಿ ಹೆಚ್ಚು ಏರುತ್ತೆ. ಮಮ್ಜಾರ್ ಬೀಚಿನ ಹತ್ತಿರ ಒಂದೇ ದಾರಿಯಲ್ಲಿ, ಒಂದೇ ವೇಗದಲ್ಲಿ ನಡೆದಾಗ ಜನವರಿಯಲ್ಲಿ ನನಗೆ 112, ಜುಲೈ ರಾತ್ರಿ 131. ನನ್ನ ಶಕ್ತಿ ಕಡಿಮೆ ಆಗಿಲ್ಲ, ಹವೆ ಬದಲಾಗಿದೆ. ಅದಕ್ಕೇ ಪುಟದ ಅಂಚಿನಲ್ಲಿ ‘ಸೆಕೆ’ ಅಂತ ಬರೀತೀನಿ. ಜುಲೈಯನ್ನು ಜುಲೈ ಜೊತೆ ಹೋಲಿಸಬೇಕು, ಜನವರಿ ಜೊತೆ ಅಲ್ಲ.

ಉಪವಾಸ ಇರುವ ಮುಸ್ಲಿಂ ಸಹೋದರರು ರಂಜಾನ್ ತಿಂಗಳಲ್ಲಿ ‘ರ’ ಅಂತ ಬರೆದುಕೊಳ್ಳಿ. ಆ ತಿಂಗಳು ಮುಂದೆ ಹೋಗುವ ಹಟ ಬೇಡ. ಇಫ್ತಾರ್ ಆಗಿ ಸ್ವಲ್ಪ ಹೊತ್ತಿನ ಮೇಲೆ, ಸೆಟ್ ಕಡಿಮೆ ಮಾಡಿ, ಇದ್ದ ಭಾರವನ್ನು ಕಾಪಾಡಿಕೊಂಡರೆ ಗೆದ್ದ ಹಾಗೆ. ರಾತ್ರಿ ಪಾಳಿಯವರು ‘ನೈಟ್’ ಅಂತ ಬರೆಯಿರಿ.

ಊರಿನ ರಜೆ ಮುಗಿಸಿ ಬಂದವರು, ಕೊಟ್ಟೆ ಕಡುಬು, ಕೋಳಿ ಸುಕ್ಕ, ಮದುವೆ ಊಟ ಎಲ್ಲಾ ಮುಗಿಸಿ ಬಂದವರು, ಹೋಗುವ ಮುಂಚಿನ ಭಾರಕ್ಕೇ ಕೈ ಹಾಕಬೇಡಿ. ನಾನು ಮಾಡೋದು, ಕೊನೆಯ ಪುಟ ತೆರೆದು ಅದರ ಮುಕ್ಕಾಲು ಭಾಗದಿಂದ ಶುರು. ಮೂರು ನಾಲ್ಕು ವಾರದಲ್ಲಿ ಹಳೇ ಅಂಕಿ ವಾಪಸ್ ಬರುತ್ತೆ. ಒಮ್ಮೆ ಗಳಿಸಿದ ಬಲವನ್ನು ಎರಡನೇ ಸಲ ಗಳಿಸೋದು ಸುಲಭ, ಸ್ನಾಯು ಮರೆಯೋದಿಲ್ಲ.

ಅಂಕಿ ಇಳಿದಾಗ

ಇಲ್ಲಿಯವರೆಗೆ ಏರುವ ಅಂಕಿಯ ಮಾತಾಯ್ತು. ಪುಸ್ತಕದ ದೊಡ್ಡ ಉಪಯೋಗ ಇಳಿಯುವ ಅಂಕಿಯಲ್ಲಿದೆ.

ನಮ್ಮ ರೂಮಿನಲ್ಲಿ ಬಾಗಲಕೋಟೆ ಕಡೆಯ ಒಬ್ಬರು ಅಣ್ಣ ಇದ್ದಾರೆ. ಶಟರಿಂಗ್ ಕೆಲಸ, ವಯಸ್ಸು 38. ಅವರನ್ನು ಕೇಳಿಯೇ ಇದನ್ನು ಹೇಳ್ತಾ ಇದ್ದೀನಿ. ಎರಡು ವರ್ಷದಿಂದ ನನ್ನ ಜೊತೆ ಜಿಮ್‌ಗೆ ಬರ್ತಾರೆ, ಅವರದೂ ಒಂದು ಪುಸ್ತಕ. ಹೋದ ಜುಲೈಯಲ್ಲಿ ಅವರ ಸ್ಕ್ವಾಟ್ 60 ಕೆಜಿಯಿಂದ 55ಕ್ಕೆ, ಆಮೇಲೆ 50ಕ್ಕೆ ಇಳೀತು. ಬೆಳಗಿನ ನಾಡಿ 68 ಇದ್ದದ್ದು 80. ತೂಕ ಆರು ವಾರದಲ್ಲಿ 74ರಿಂದ 69. ‘ತೂಕ ಇಳದೈತಿ ಬಿಡ್ರಿ, ಛಲೋ ಆತು. ಬ್ಯಾಸಗಿ ಐತಿ, ಅದಕ್ಕ ಶಕ್ತಿ ಕಮ್ಮಿ’ ಅಂದರು. ರೂಮಿನವರೂ ಸ್ಲಿಮ್ ಆದಿರಿ ಅಂತ ಹೊಗಳಿದರು.

ನಾನು ಅವರ ಹಿಂದಿನ ವರ್ಷದ ಜುಲೈ ಪುಟ ತೆಗೆದೆ. ಆಗಲೂ ಅಷ್ಟೇ ಸೆಕೆ, ಅದೇ ಸೈಟು, ಅದೇ ಡ್ಯೂಟಿ. ಆದರೂ ಭಾರ ಇಳಿದಿರಲಿಲ್ಲ. ಹಾಗಾದರೆ ಬೇಸಿಗೆ ಕಾರಣ ಅಲ್ಲ. ‘ಅಣ್ಣ, ರಾತ್ರಿ ಎಷ್ಟು ಸಲ ಏಳ್ತೀರಿ?’ ಅಂದೆ. ‘ಮೂರ್ ನಾಕ್ ಸಲ. ನೀರಡಿಕಿ ಭಾಳ’ ಅಂದರು.

ಕ್ಲಿನಿಕ್‌ಗೆ ಬರೋಕೆ ಅವರಿಗೆ ಮನಸ್ಸಿರಲಿಲ್ಲ. ಕಾರಣ ನಿಮಗೆಲ್ಲ ಗೊತ್ತಿರುವುದೇ. ‘ಏನರ ರೋಗ ಅಂತ ಬಂದ್ರ ಕಂಪ್ನಿಯವ್ರು ಊರಿಗೆ ಕಳಸ್ತಾರ. ಮಗಳ ಕಾಲೇಜ್ ಫೀಜು ಯಾರ್ ಕಟ್ಟೋರು?’ ಈ ಹೆದರಿಕೆ ಸುಳ್ಳು ಅಂತ ನಾನು ಹೇಳಲ್ಲ, ಎಲ್ಲರ ಎದೆಯಲ್ಲೂ ಇದೆ. ಆದರೆ ತೋರಿಸದೇ ಇದ್ದರೆ ರೋಗ ಹೋಗೋದಿಲ್ಲ. ಒಂದು ದಿನ ಕೆಲಸದ ಮೇಲೇ ಬಿದ್ದರೆ ಆಗ ಏನು? ಅಂತೂ ಬಂದರು. ಶುಗರ್ ತುಂಬಾ ಹೆಚ್ಚಿತ್ತು. ಡಾಕ್ಟರ್ ಅವರ ಪುಸ್ತಕ ತಿರುವಿ ನೋಡಿ, ಯಾವ ವಾರದಿಂದ ಶುರುವಾಗಿದೆ ಅಂತ ಬೆರಳಿಟ್ಟು ತೋರಿಸಿದರು. ಈಗ ಮಾತ್ರೆ ಇದೆ, ಊಟ ಬದಲಾಗಿದೆ, ಕೆಲಸವೂ ಇದೆ. ಸ್ಕ್ವಾಟ್ ಮತ್ತೆ 57.5ಕ್ಕೆ ಬಂದಿದೆ. ಮೊನ್ನೆ ನನಗೇ ಕೇಳ್ತಾರೆ, ‘ನಿಮ್ಮ ಪುಸ್ತಕ ಬರದಿರೇನ್ರೀ ಇವತ್ತ?’ ಅಂತ.

ಒಂದು ವಿಷಯ ನೆನಪಿಡಿ. ದುಬೈಯಲ್ಲಿ ಕಂಪನಿ ಆರೋಗ್ಯ ವಿಮೆ ಕೊಡಲೇಬೇಕು. 2025ರ ಜನವರಿಯಿಂದ ಶಾರ್ಜಾ, ಅಜ್ಮಾನ್ ಸೇರಿ ಉಳಿದ ಎಮಿರೇಟ್‌ಗಳಲ್ಲೂ ಖಾಸಗಿ ಕಂಪನಿಗಳಿಗೆ ಇದು ಕಡ್ಡಾಯ. ನಿಮ್ಮ ಕಾರ್ಡ್ ಎಲ್ಲೆಲ್ಲಿ ನಡೆಯುತ್ತೆ ಅಂತ ಇವತ್ತೇ ಕೇಳಿ ಬರೆದಿಟ್ಟುಕೊಳ್ಳಿ. ಪುಸ್ತಕದ ಮೊದಲ ಪುಟ ಅದಕ್ಕೇ ಇರಲಿ.

ಪುಸ್ತಕ ತೆರೆಯುವ ಮೊದಲು

ನಲವತ್ತು ದಾಟಿದವರು, ಬಿಪಿ, ಶುಗರ್ ಇರೋರು, ಮನೆಯಲ್ಲಿ ಅಪ್ಪ ಅಣ್ಣಂದಿರಿಗೆ ಹೃದಯದ ತೊಂದರೆ ಇರೋರು ಮೊದಲು ವೈದ್ಯರನ್ನು ಕಂಡು ಆಮೇಲೆ ಭಾರಕ್ಕೆ ಕೈ ಹಾಕಿ. ಎತ್ತುವಾಗ ಉಸಿರು ಬಿಗಿ ಹಿಡಿಯಬೇಡಿ, ಬಿಪಿ ಒಮ್ಮೆಲೇ ಏರುತ್ತೆ. ಎದೆಯಲ್ಲಿ ಹಿಂಡಿದ ಹಾಗೆ ಆದರೆ, ನೋವು ಎಡಗೈಗೆ ಅಥವಾ ದವಡೆಗೆ ಹರಿದರೆ, ತಣ್ಣನೆ ಬೆವರು ಬಂದರೆ, ಗ್ಯಾಸ್ ಅಂತ ಸೋಡಾ ಕುಡಿದು ಮಲಗಬೇಡಿ. ಯುಎಇಯಲ್ಲಿ ಆಂಬುಲೆನ್ಸ್ ನಂಬರ್ 998. ಸೆಕೆಯಲ್ಲಿ ದುಡಿದು, ಅದೇ ದಿನ ಜಿಮ್‌ನಲ್ಲೂ ಮಿತಿ ಮೀರಿ ಮಾಡಿ, ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ ತಕ್ಷಣ ಆಸ್ಪತ್ರೆ. ಸ್ನಾಯು ಒಡೆದು ಅದರ ಅಂಶ ರಕ್ತಕ್ಕೆ ಸೇರಿ ಕಿಡ್ನಿಗೆ ಪೆಟ್ಟು ಕೊಡುವ ಲಕ್ಷಣ ಅದು.

ಇನ್ನು ಹುಡುಗರಿಗೆ ಒಂದು ಮಾತು. ಲಾಕರ್ ರೂಮಿನಲ್ಲಿ ಯಾರೋ ಇಂಜೆಕ್ಷನ್ ಕೊಡ್ತೀನಿ, ಎರಡು ತಿಂಗಳಲ್ಲಿ ಬಾಡಿ ಅಂತ ಬಂದರೆ ದೂರ ಇರಿ. ಆ ಸ್ಟೀರಾಯ್ಡ್‌ಗಳು ಹೃದಯಕ್ಕೆ ಪೆಟ್ಟು, ಗಂಡಸುತನದ ಹಾರ್ಮೋನು ದೇಹದಲ್ಲಿ ತಾನಾಗಿ ಹುಟ್ಟೋದನ್ನೂ ನಿಲ್ಲಿಸ್ತವೆ. ನಿಮ್ಮ ಪುಸ್ತಕದ ಅಂಕಿ ನಿಮ್ಮ ಬೆವರಿನದ್ದೇ ಆಗಿರಲಿ.

ಅಣ್ಣ ತಮ್ಮಂದಿರೇ, ಅಕ್ಕ ತಂಗಿಯರೇ, ನಾವು ಯಾರೂ ಇಲ್ಲಿಗೆ ಶಾಶ್ವತವಾಗಿ ಬಂದವರಲ್ಲ. ಒಂದಲ್ಲ ಒಂದು ದಿನ ಎಕ್ಸಿಟ್ ಹೊಡೆಸಿಕೊಂಡು ಊರಿಗೆ ಹೋಗೋರೇ. ಅವತ್ತು ಬ್ಯಾಂಕಿನ ಪಾಸ್‌ಬುಕ್ ತುಂಬಿದ್ದು, ನೆಲದ ಮೇಲೆ ಕೂತು ಊಟ ಮಾಡೋಕೆ ಮೊಣಕಾಲು ಮಡಚದಿದ್ದರೆ, ಗದ್ದೆ ತನಕ ನಡೆಯೋಕೆ ಉಸಿರು ಸಾಲದಿದ್ದರೆ, ಕೂಡಿಟ್ಟದ್ದು ಆಸ್ಪತ್ರೆಗೇ ಹೋಗುತ್ತೆ. ಪಾಸ್‌ಬುಕ್ ಪಕ್ಕದಲ್ಲೇ ಈ ಪುಸ್ತಕವೂ ಇರಲಿ.

ಇವತ್ತು ರಾತ್ರಿ ನಾಲ್ಕು ಸಾಲು ಬರೆಯಿರಿ: ಸೊಂಟದ ಸುತ್ತಳತೆ, ತೂಕ, ಕುರ್ಚಿಯಿಂದ ಕೈ ಊರದೆ ಎಷ್ಟು ಸಲ ಎದ್ದು ಕೂರೋಕಾಗುತ್ತೆ, ಹತ್ತು ನಿಮಿಷದ ನಡಿಗೆ ಮುಗಿದಾಗ ನಾಡಿ ಎಷ್ಟು. ಐದನೆಯದು, ಬೆಳಗಿನ ನಾಡಿ, ನಾಳೆ ಎದ್ದ ಕೂಡಲೇ. ಮುಂದಿನ ವಾರ್ಷಿಕೋತ್ಸವಕ್ಕೆ ಆ ಪುಸ್ತಕ ತಗೊಂಡು ಬನ್ನಿ. ಯಾರು ಎಷ್ಟು ಎತ್ತಿದರು ಅಂತ ಹೋಲಿಸೋಕೆ ಅಲ್ಲ. ನಿಮ್ಮ ಮೊದಲ ಪುಟವನ್ನು ನಿಮ್ಮದೇ ಕೊನೆಯ ಪುಟದ ಜೊತೆ ಇಟ್ಟು ನೋಡೋಕೆ.

ನಾಡಿ ಎಣಿಸೋದನ್ನ ಕಲಿಯಬೇಕು ಅನ್ನೋರು ಊಟಕ್ಕೆ ಮುಂಚೆ ಈ ಮೇಜಿನ ಹತ್ತಿರ ಬನ್ನಿ.